ಹಗೇವಿನ ಹೂಂ

ಹೋದ ವಾರ ಗದಗದ ನಮ್ಮ ಓಣಿಯಲ್ಲಿ ಗಟಾರ ತೋಡುವಾಗ ಹಾರೆಯ ಏಟಿಗೆ ನೆಲ ಕುಸಿದು ಹಳೆಯ ಹಗೇವೊಂದು ಬಾಯಿ ತೆರೆಯಿತು. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ ನನ್ನ ಮೂಗಿಗೆ ಮೊದಲು ಬಡಿದದ್ದು ಅದರ ವಾಸನೆ: ಮುಗ್ಗಿದ ಜೋಳ, ಬಿಸಿಲು ಕಾಣದ ಮಣ್ಣು. ಹಗೇವು ಗೊತ್ತಲ್ಲ ನಿಮಗೆ? ಕಾಳು ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನನ್ನದು ಎರಡೂ ದೊಡ್ಡವು ಎನ್ನುತ್ತಾಳೆ ನನ್ನ ಹೆಂಡತಿ. ಕೆಲಸದವನೊಬ್ಬ ಒಳಗೆ ಕಾಲು ಇಳಿಬಿಟ್ಟದ್ದೇ ತಡ, “ದೀಪ ಇಳಿಸದ ಇಳೀಬ್ಯಾಡೋ” ಎಂದು ನಾನು ಕೂಗಿದ್ದು ಓಣಿಗೆಲ್ಲ ಕೇಳಿತು. ಚಹಾ ಅಂಗಿಯ ಮೇಲಾಯಿತು. ಆ ಮಾತು ನನ್ನದಲ್ಲ, ಲಕ್ಷ್ಮೇಶ್ವರದ ದೊಡ್ಡ ಮಾಸ್ತರರದು.

ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಅಲ್ಲಿ ಹಳೆಯ ವಾಡೆಯೊಂದರಲ್ಲಿ ಹೈಸ್ಕೂಲು ನಡೆಸುತ್ತಿದ್ದರು. ಬೇರೆ ಶಾಲೆಗಳು ಕೈಬಿಟ್ಟ ಮಕ್ಕಳಿಗಾಗಿಯೇ ಇದ್ದ ಶಾಲೆ ಅದು. ಎರಡೆರಡು ಸಲ ನಪಾಸಾದವರು, ಮಾಸ್ತರರಿಗೇ ಕಲ್ಲು ಬೀರಿದವರು, ಮಾತೇ ಬಿಟ್ಟವರು. ಊರವರ ಬಾಯಲ್ಲಿ ಅದು ‘ನಪಾಸ ಶಾಲಿ’. ಇಪ್ಪತ್ತಮೂರರ ನಾನು ಅಲ್ಲಿಯ ಸಣ್ಣ ಮಾಸ್ತರ. ಬಿ.ಎಡ್. ಮುಗಿಸಿದ ಹೊಸ ಹುರುಪು. ಮಕ್ಕಳು ಬಾಯಿ ತೆರೆಯುವ ಮೊದಲೇ ಬುದ್ಧಿವಾದ ಸುರಿಯುತ್ತಿದ್ದೆ. ಒಂದು ದಿನ ದೊಡ್ಡ ಮಾಸ್ತರರು ಪಕ್ಕಕ್ಕೆ ಕೂಡಿಸಿಕೊಂಡು ಹೇಳಿದರು:

“ತಮ್ಮಾ, ಹಗೇವಿಗೆ ಇಳಿಯೂ ಮುಂದ ಏನ ಮಾಡ್ತಾರ? ಹಗ್ಗಕ್ಕ ಕಂದೀಲ ಕಟ್ಟಿ ಬಿಡ್ತಾರ. ಆರಿತಂದ್ರ ಒಳಗ ಕೆಟ್ಟ ಗಾಳಿ ಐತಿ, ಇಳಿಯೂಹಂಗಿಲ್ಲ. ಹುಡುಗರ ಮನಸ್ಸೂ ಹಂಗ. ದೀಪ ಇಳಿಸದ ಇಳೀಬ್ಯಾಡ.”

ಅವರ ದೀಪವೆಂದರೆ ಮುಂಜಾನೆ ಏನು ತಿಂದಿ ಎಂಬಂಥ ಒಂದು ಸಣ್ಣ ಪ್ರಶ್ನೆ, ಅಷ್ಟೇ. ಉತ್ತರ ಬಂದರೆ ಇನ್ನೊಂದು ಗೇಣು ಇಳಿಯುವರು. ಮುಖ ತಿರುಗಿಸಿದರೆ ಅಂದಿಗೆ ಸಾಕು. ಮಗು ಹೇಳತೊಡಗಿದ ಮೇಲೆ ನಾವು ಬುದ್ಧಿ ಹೇಳಕೂಡದು, ಅಡ್ಡ ಮಾತಾಡಕೂಡದು, ಬರೀ ಹೂಂ ಅನ್ನಬೇಕು. ಆರು ತಿಂಗಳಲ್ಲಿ ಈ ಹೂಂ ನನಗೆ ಎಷ್ಟು ಅಂಟಿತೆಂದರೆ, ಬಸ್ಸಿನಲ್ಲಿ ಪಕ್ಕದವರು ಆಕಳಿಸಿದರೂ ಹೂಂ ಎನ್ನುತ್ತಿದ್ದೆ.

ಮನುಷ್ಯರ ಮುಂದೆ ಹೇಳಲಾಗದ್ದಕ್ಕೂ ಅವರಲ್ಲಿ ಉಪಾಯವಿತ್ತು. ವಾಡೆಯ ಅಂಗಳದಲ್ಲಿ ಬರಿದಾದ ಹಗೇವೊಂದಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ಬೇಕೆಂದವರು ಒಬ್ಬೊಬ್ಬರೇ ಹೋಗಿ ಅದರ ಬಾಯಿಯ ಹಲಗೆ ಸರಿಸಿ, ಒಳಗೆ ಮಾತಾಡಿ ಬರುತ್ತಿದ್ದರು. ಉಳಿದವರು ದೂರ, ತಲಬಾಗಿಲಲ್ಲಿ. ಹಗೇವು ಯಾರ ಮುಂದೂ ಬಾಯಿ ಬಿಡುವುದಿಲ್ಲವೆಂದು ಮಾಸ್ತರರು ಮಾತು ಕೊಟ್ಟಿದ್ದರು.

ನನ್ನ ವಾಸ ಅದೇ ವಾಡೆಯ ಕೊನೆಯ ಕೋಣೆಯಲ್ಲಿ. ಒಂದು ಶನಿವಾರ ಜ್ವರ ಬಂದು ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಮಟಮಟ ಮಧ್ಯಾಹ್ನ. ತಲೆದಿಂಬಿನ ಕೆಳಗಿನಿಂದ, ನೆಲದೊಳಗಿನಿಂದ ಒಂದು ದನಿ ಬಂತು: “ನಮ್ಮವ್ವನ ಮಾರಿ ನನಗ ಮರತ ಹೋಗೈತಿ.” ಮೈಯೆಲ್ಲ ಮುಳ್ಳೆದ್ದು ಗೋಡೆಗೆ ಅಂಟಿ ನಿಂತೆ. ನೆನಪಿದ್ದ ದೇವರನ್ನೆಲ್ಲ ಕರೆದೆ. ಜ್ವರ ಅಲ್ಲೇ ಬಿಟ್ಟಿತು. ಧೈರ್ಯ ಮಾಡಿ ಚಾಪೆ ಎತ್ತಿದರೆ ಕೆಳಗೊಂದು ದುಂಡು ಕಲ್ಲು. ನನ್ನ ಕೋಣೆಯಡಿಯಲ್ಲೂ ಒಂದು ಹಗೇವು! ಎರಡರ ನಡುವಿನ ಮಣ್ಣು ಎಂದೋ ಕುಸಿದಿರಬೇಕು, ಅಲ್ಲಿ ಆಡಿದ ಮಾತು ಇಲ್ಲಿ ಏಳುತ್ತಿತ್ತು. ಕೂಡಲೇ ಮಾಸ್ತರರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅಂದಿನಿಂದ ಊರಲ್ಲಿದ್ದ ಶನಿವಾರಗಳಂದೆಲ್ಲ ನನಗೆ ತಪ್ಪದೆ ಜ್ವರ ಬರತೊಡಗಿತು. ನಾಚಿಕೆಗೇಡು, ಒಪ್ಪುತ್ತೇನೆ.

ಹುಸೇನಬಿ ಶಿಗ್ಲಿಯವಳು, ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆಯ ಹುಡುಗಿ. ವಯಸ್ಸು ಹದಿನಾರು. ಶಾಲೆಗೆ ಸೇರಿ ಮೂರು ತಿಂಗಳಾದರೂ ತುಟಿ ಬಿಚ್ಚಿರಲಿಲ್ಲ. ಹಾಜರಿಗೆ ಕೈ ಎತ್ತುತ್ತಿದ್ದಳು. ಅವಳ ಅಕ್ಕ ಹಿಂದಿನ ವರ್ಷ ಜೋಳ ತೆಗೆಯಲು ಹಗೇವಿಗೆ ಇಳಿದು ಉಸಿರುಕಟ್ಟಿ ಸತ್ತಳೆಂಬುದಷ್ಟೇ ನಮಗೆ ಗೊತ್ತಿತ್ತು. ಆದರೆ ಶನಿವಾರ ಹಗೇವಿನ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದವಳು ಅವಳೇ. ಅಂಥ ಒಂದು ಶನಿವಾರ ನಾನು ಕಲ್ಲಿಗೆ ಕಿವಿಯಿಟ್ಟು ಬೋರಲು ಬಿದ್ದಿದ್ದೆ.

“ಅಕ್ಕಾ, ಕಂದೀಲ ಇಳಿಸಿ ನೋಡು ಅಂತ ನನಗ ಹೇಳಿದ್ದಿ. ನನಗ ಹಚ್ಚಾಕ ಬ್ಯಾಸರಾತು. ನೋಡೇನಿ, ಉರೀತು ಅಂತ ಸುಳ್ಳ ಹೇಳಿದ್ನಿ.”

ಆಮೇಲೆ, ಊಟಕ್ಕೆ ಬರಲೇ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು: “ಸೋಮವಾರ ನಾನೂ ಇಳದ ಬರಲೇನ?”

“ಹೂಂ” ಎಂದೆ ನಾನು.

ನಾನೇ. ಹಾಳು ರೂಢಿ! ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅದು ಕಲ್ಲಿನ ಸಂದಿಯಿಂದ ಇಳಿದು ಹೋಗಿತ್ತು. ಕೆಳಗೊಂದು ನಿಟ್ಟುಸಿರು ಕೇಳಿತು. ಆತು ಎಂದಳು ಹುಸೇನಬಿ.

ಹೊರಗೆ ಓಡಿದೆ. ಅವಳಾಗಲೇ ಶಿಗ್ಲಿಯ ಬಸ್ಸು ಹತ್ತಿದ್ದಳು. ಮಾಸ್ತರರ ಕಾಲ ಬಳಿ ಕುಳಿತು ಎಲ್ಲ ಒದರಿದೆ. ನಾನು ಹೇಳುವಷ್ಟು ಹೊತ್ತೂ ಅವರು ಒಂದು ಸಲವೂ ಹೂಂ ಅನ್ನಲಿಲ್ಲ. ಕೊನೆಗೆ, “ಕದ್ದ ಕೇಳಿದ್ದು ಆಮ್ಯಾಲೆ ನೋಡೂಣು. ಆ ಹೂಂ ಐತೆಲ್ಲ, ಅದನ್ನ ನೀನ ಹೊಳ್ಳಿ ತಗೋಬೇಕು” ಎಂದು ಎದ್ದು, ಅಂದೇ ಶಿಗ್ಲಿಗೆ ಹೋದರು. ಭಾನುವಾರವೆಲ್ಲ ಅವಳ ಮನೆಯ ಕಟ್ಟೆ ಬಿಟ್ಟು ಕದಲಲಿಲ್ಲವಂತೆ.

ಸೋಮವಾರ ವಾಡೆಯ ಹಗೇವಿನ ಬಳಿ ನಾವು ಮೂವರೇ. ಆ ಹೂಂ ನನ್ನದೆಂದು ಒಪ್ಪಿಕೊಂಡೆ. ಅವಳು ನಂಬದಿದ್ದಾಗ ಕೋಣೆಗೆ ಹೋಗಿ, ಕಲ್ಲಿನ ಮೇಲೆ ಬಾಗಿ ಹೂಂ ಎಂದು ಬಂದೆ. ಆಗ ಅವಳು ಮೊದಲ ಸಲ ನಮ್ಮೆದುರು ಬಾಯಿ ಬಿಟ್ಟಳು.

“ಮೊನ್ನಿ ಹೂಂ ನಿಮ್ದ ಖರೆ ರೀ ಸರ. ಅದರ ಹಿಂದಿನ ಶನಿವಾರದ್ದು ಯಾರದ್ರಿ?”

ಆ ಹಿಂದಿನ ಶನಿವಾರ ನಾನು ಮುಂಡರಗಿಯಲ್ಲಿ, ತಂಗಿಯ ಮದುವೆಯಲ್ಲಿದ್ದೆ. ಕೋಣೆಗೆ ಕೀಲಿ ಹಾಕಿತ್ತು, ಕೀಲಿಕೈ ನನ್ನ ಕಿಸೆಯಲ್ಲಿತ್ತು. ಮಾಸ್ತರರ ಮುಖ ನೋಡಿದೆ. ಅವರು ಅವಳ ರಟ್ಟೆಯನ್ನು ಬಿಗಿಯಾಗಿ ಹಿಡಿದು, ಕಂದೀಲನ್ನು ಕೈಗಿತ್ತು, ನೀನೇ ಇಳಿಸವಾ ಎಂದರು.

ಎರಡಾಳು ಆಳಕ್ಕೆ ಹೋದದ್ದೇ ದೀಪ ಆರಿತು, ಯಾರೋ ಊದಿದ ಹಾಗೆ. ಎಳೆದಳು, ಹಚ್ಚಿದಳು, ಇಳಿಸಿದಳು. ಮತ್ತೆ ಆರಿತು. ನಾನು ಹಗ್ಗಕ್ಕೆ ಕಂಬಳಿ ಕಟ್ಟಿ ಮೇಲೆ ಕೆಳಗೆ ಎಳೆದಾಡಿ ಒಳಗೆ ಗಾಳಿ ಆಡಿಸಿದೆ. ಅಂಗೈ ಸುಲಿದು ಹೋಯಿತು. ಹೊತ್ತು ಇಳಿಯುವ ವೇಳೆಗೆ ಕಂದೀಲು ತಳ ಮುಟ್ಟಿ, ನೆಟ್ಟಗೆ ಉರಿಯಿತು. ಹುಸೇನಬಿ ಬಗ್ಗಿ, “ಅಕ್ಕಾ, ಈಗ ಖರೇನ ಇಳಿಸೇನಿ, ನೋಡು. ನಾ ಬರೂದಿಲ್ಲ. ಹೂಂ ಅನ್ನು” ಎಂದು ದನಿ ತೆಗೆದು ಅತ್ತಳು.

ಕಾದೆವು. ಹೂಂ ಬರಲಿಲ್ಲ. ಮಾಸ್ತರರೇ ಅವಳನ್ನು ಎಬ್ಬಿಸಿ ಕರೆದುಕೊಂಡು ಹೋದರು.

ಮುಂದೆ ಅವಳು ಮಾತಾಡಿದಳು, ಪಾಸಾದಳು, ಶಿಗ್ಲಿಯಲ್ಲೇ ಗಾದಿಯ ಅಂಗಡಿ ಹಾಕಿದಳು. ಈಗ ಮೊಮ್ಮಕ್ಕಳಿದ್ದಾರೆ. ನಾನಿವತ್ತೂ ಮಲಗುವುದು ಅವಳು ಹೊಲಿದ ಗಾದಿಯ ಮೇಲೆ. ಆದರೆ ಭೇಟಿಯಾದಾಗಲೆಲ್ಲ, ನಗುತ್ತಲೇ, ಅದೇ ಒಂದು ಮಾತು ಕೇಳುತ್ತಾಳೆ: “ಹೂಂ ಬಂತೇನ್ರಿ ಸರ?” ಆ ನಗು ಕಣ್ಣಿನವರೆಗೆ ಏರುವುದಿಲ್ಲ.

ಓಣಿಯ ಹಗೇವಿಗೆ ಬರೋಣ. ಕೆಲಸದವನು ಮೊಬೈಲಿನ ಬೆಳಕು ಬಿಟ್ಟು ತೋರಿಸಿದ. ಆರಲು ಬಾರದ ದೀಪ ಏನು ಹೇಳೀತು? ಹೆಂಡತಿಯಿಂದ ದೇವರ ಮುಂದಿನ ಹಣತೆ ತರಿಸಿ, ಬಕೀಟಿನಲ್ಲಿಟ್ಟು ಇಳಿಸಿದೆ. ಉರಿಯಿತು. ಮುದುಕನ ಹುಚ್ಚಿಗೆ ಬೇಸತ್ತು ಗಂಡಾಳುಗಳು ಚಹಾಕ್ಕೆ ಹೋದರು; ಮಣ್ಣು ಹೊರುವ ಹೆಂಗಸೊಬ್ಬಳು ಉಳಿದಳು. ಏನನ್ನಿಸಿತೋ, ಮೊಣಕಾಲೂರಿ ಹಗೇವಿನ ಬಾಯಿಗೆ ಬಾಗಿದೆ.

“ಹುಸೇನಬಿ ಬರೂದಿಲ್ಲವಾ. ಆಕಿನ್ನ ಬಿಟ್ಟುಬಿಡು.”

ಇಷ್ಟು ಹೇಳಿ ನನ್ನ ಬಾಯಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡೆ. ನನ್ನನ್ನು ನಾನು ನಂಬುವುದು ಬಿಟ್ಟು ಬಹಳ ವರ್ಷಗಳಾದವು.

ಆ ಹೆಂಗಸು ಬುಟ್ಟಿ ಕೆಳಗಿಟ್ಟು ಹಗೇವಿನ ಕಡೆ ನೋಡಿದಳು. “ಒಳಗ ಯಾರ ಅದಾರ್ರೀ ಅಜ್ಜಾರ? ಹೂಂ ಅಂದ್ರಲ್ಲ.”

ಎದ್ದು ಒಳಗೆ ಹೋಗಿ ಶಿಗ್ಲಿಗೆ ಫೋನು ಹಚ್ಚಿದೆ. ಅವಳೇ ಎತ್ತಿದಳು.

“ಬಂತವಾ” ಎಂದೆ.