ಹಳದಿ ಗುಬ್ಬಿ ಕಾಯುತ್ತಿದ್ದ ಅಕ್ಕ

ಮೊನ್ನೆ ಚಿಕ್ಕೋಡಿಯ ಸಂತೆಯಲ್ಲಿ ಯಾರೋ ಕೆಂಡದ ಮೇಲೆ ಹಸಿ ಜೋಳದ ತೆನೆ ಸುಡುತ್ತಿದ್ದರು. ಆ ಸೀತನಿಯ ವಾಸನೆಗೆ ಕೈಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಕರೋಶಿಯ ಅಕ್ಕ ನೆನಪಾದಳು...

ಎಂಬತ್ತರ ದಶಕದ ಕೊನೆಗೆ ನಾನು ಆ ಊರಿಗೆ ಶಿಕ್ಷಕಿಯಾಗಿ ಹೋದಾಗ ಬಾಡಿಗೆಗೆ ಸಿಕ್ಕಿದ್ದು ಅವಳ ತಮ್ಮನ ಮನೆಯ ಮುಂದಿನ ಖೋಲಿ. ಗಂಡ ಇನ್ನೊಂದು ಮದುವೆಯಾದ ಮೇಲೆ ಅಕ್ಕ ತವರಿಗೆ ಬಂದು ಹದಿನೈದು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವಳು ಬಸ್ಸು ಹತ್ತಿರಲಿಲ್ಲ. "ಗಂಡ ಬಿಟ್ಟಾಕಿ ಊರೂರು ತಿರಗಿದ್ರ ಮಂದಿ ಏನಂದಾರು?" ಎನ್ನುತ್ತಿದ್ದ ತಮ್ಮ. ಕೆಟ್ಟವನಲ್ಲ, ಊಟ-ಬಟ್ಟೆಗೆ ಕಡಿಮೆ ಮಾಡಿದವನಲ್ಲ. ಆದರೆ ಹೊಸ್ತಿಲು ದಾಟಲು ಅವನ ಅಪ್ಪಣೆ ಬೇಕಿತ್ತು.

ಬಿಳಿಜೋಳ ತೆನೆ ಹಾಯುವ ದಿನಗಳಲ್ಲಿ ಮಾತ್ರ ಅಕ್ಕನಿಗೆ ಹೊಲ ಸಿಗುತ್ತಿತ್ತು. ಹಕ್ಕಿ ಕಾಯುವ ಕೆಲಸ. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಹೊಲದ ನಡುವಿನ ಅಟ್ಟದ ಮೇಲೆ, ಕೈಯಲ್ಲಿ ಕವಣೆ ಹಿಡಿದು. ರವಿವಾರ ನಾನೂ ಹೋಗಿ ಕೂರುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಎಲ್ಲಿಂದಲೋ ಹಳದಿ ಹೊಟ್ಟೆಯ ಗುಬ್ಬಿಗಳು ಹಿಂಡುಹಿಂಡಾಗಿ ಬರುತ್ತಿದ್ದವು. ಬೆಳಿಗ್ಗೆ ತೆನೆಗಳ ಮೇಲೆ ಎರಗುವುದು, ಬಿಸಿಲೇರಿದರೆ ಬದುವಿನ ಜಾಲಿಗಿಡ ಸೇರುವುದು, ಇಳಿಹೊತ್ತಿಗೆ ಮತ್ತೆ ತೆನೆಗೆ. ಅಕ್ಕ ಕವಣೆ ಬೀಸಿದರೆ ಕಲ್ಲು ಯಾವಾಗಲೂ ಹಿಂಡಿನಿಂದ ಮಾರು ದೂರ ಬೀಳುತ್ತಿತ್ತು. ಗುರಿ ತಪ್ಪಿ ಅಲ್ಲ.

"ಗಂಡಿನ ತಲಿ ನೋಡ್ರಿ ಬಾಯಾರ," ಎನ್ನುತ್ತಿದ್ದಳು. ಶಿಕ್ಷಕಿಯನ್ನು ಅಲ್ಲಿ ಹಾಗೇ ಕರೆಯುತ್ತಿದ್ದರು. "ಬಂದಾಗ ಮಾಸಲ ಇರತೈತಿ. ಹೋಗೂ ದಿನ ಹತ್ರ ಬಂದಂಗ ಕರ್ರಗ ಆಗತೈತಿ. ಆಮ್ಯಾಲ ಹಾಡಾಕ ಸುರು. ಇಷ್ಟ ವರ್ಷ ಆತು, ಇಲ್ಲಿ ಒಂದ ಗೂಡ ಕಂಡಿಲ್ರಿ ನಾ."

ಅಂಥ ಒಂದು ರವಿವಾರವೇ ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ಬಾಯಾರ, ನನಗೊಂದ ಪತ್ರ ಬರಕೊಡ್ರಿ."

ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದ ಬಾಲ್ಯದ ಗೆಳತಿಗೆ. ತಾನೂ ಬಂದು ಕಲಿಯುತ್ತೇನೆ, ಒಂದೇ ಖೋಲಿಯಲ್ಲಿ ಇಬ್ಬರೂ ಇರೋಣ ಅಂತ. ಅಟ್ಟದ ಮೇಲೆಯೇ ಬರೆದೆ. ಉತ್ತರ ಶಾಲೆಯ ವಿಳಾಸಕ್ಕೆ ಬರಲಿ ಎಂದೂ ಬರೆದಿದ್ದೆ. ಗೆಳತಿ ಮಾತ್ರ ಖುಷಿಯಲ್ಲಿ ನೇರ ಅಕ್ಕನ ಹೆಸರಿಗೇ ಕಾರ್ಡು ಹಾಕಿಬಿಟ್ಟಳು. ಅದು ತಮ್ಮನ ಕೈಗೆ ಸಿಕ್ಕಿತು.

ಅವತ್ತು ಸಂಜೆ ಅವನು ಕಾರ್ಡು ಹಿಡಿದು ನನ್ನ ಬಾಗಿಲಲ್ಲಿ ನಿಂತ. "ಬಾಯಾರ, ನಿಪ್ಪಾಣಿಗೆ ಪತ್ರ ನೀವ ಬರದ್ರೇನ್ರಿ?"

ನನ್ನಂಥ ಒಬ್ಬಂಟಿ ಹೆಂಗಸಿಗೆ ಆ ಊರಲ್ಲಿ ಬೇರೆ ಖೋಲಿ ಯಾರು ಕೊಡುತ್ತಿದ್ದರು? ನನ್ನ ತಲೆಯಲ್ಲಿದ್ದದ್ದು ಅದೊಂದೇ.

"ಇಲ್ರಿ. ನನಗೇನೂ ಗೊತ್ತಿಲ್ಲ," ಅಂದೆ.

ಅವನ ಬೆನ್ನ ಹಿಂದೆ ಅಕ್ಕ ಬಂದು ನಿಂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು. "ಅವರನ್ನ್ಯಾಕ ಕೇಳ್ತಿ? ದಾರ್ಯಾಗ ಹೋಗೂ ಯಾರ ಕಡಿಂದೋ ಬರಸೀನಿ ನಾ," ಅಂದಳು. ನನ್ನ ಕಡೆ ನೋಡಲಿಲ್ಲ.

ಮರುದಿನದಿಂದ ಹೊಲ ಕಾಯಲು ಆಳು ಬಂದ. ಅಕ್ಕ ಒಳಮನೆ ಸೇರಿದಳು. ನಾನು ಶಾಲೆ ಮುಗಿಸಿ ಹೊಲದ ಬದಿಯಿಂದ ಸುತ್ತಿ ಬರತೊಡಗಿದೆ, ಅವಳು ಕೇಳುತ್ತಾಳೆಂದು.

"ಗುಬ್ಬಿ ಅದಾವೇನ್ರಿ ಇನ್ನ?"

"ಅದಾವ."

"ಹಾಡಾಕತ್ತಾವೇನ್ರಿ?"

"ಹೂಂ."

"ಹಂಗಾರ ಭಾಳ ದಿನ ಇರೂದಿಲ್ಲ."

ಹೋಳಿ ಹುಣ್ಣಿಮೆಯ ನಂತರ ಒಂದು ಸಂಜೆ ಜಾಲಿಗಿಡಗಳು ಬರಿದಾಗಿದ್ದವು. ಬಂದು ಹೇಳಿದೆ. ಅಕ್ಕ ರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ. ತಟ್ಟಿ ತಟ್ಟಿ ಆ ರೊಟ್ಟಿ ಹರಿದೇ ಹೋಯಿತು...

ಒಂದು ದಿನವೂ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಿತ್ತು. ಮುಂದೆ ನನಗೆ ಅಥಣಿ ಕಡೆ ವರ್ಗವಾಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ತಮ್ಮ ಎದುರಾದ. ತಲೆ ನರೆತಿತ್ತು. "ಅಕ್ಕ ತೀರಿ ಹೋಗಿ ಎರಡ ವರ್ಷ ಆತ್ರಿ ಬಾಯಾರ," ಅಂದ. ನನಗೆ ತಡೆಯಲಾಗಲಿಲ್ಲ.

"ಆ ಪತ್ರ ಬರದಾಕಿ ನಾನ ರೀ."

"ಗೊತ್ತಿತ್ರಿ," ಅಂದ ಅವನು. "ನೀವ ಬಿಟ್ಟರ ಅಕಿಗೆ ಬರಕೊಡೋರ ಯಾರಿದ್ರು?" ಬಸ್ಸು ಬರುವ ದಾರಿಯತ್ತ ನೋಡಿದ. "ಅವತ್ತ ನೀವ ಹೌದು, ಕಳಿಸಿಕೊಡ್ರಿ ಅಂದಿದ್ರ ಕಳಿಸ್ತಿದ್ನೋ ಏನೋ. ಬಾಯಾರ ಹೇಳ್ಯಾರಂತ ಮಂದಿಗೆ ಹೇಳಾಕರ ಬರತಿತ್ತು."

ಅಷ್ಟರಲ್ಲಿ ಅವನ ಬಸ್ಸು ಬಂತು.

ಈಗ ನನಗೆ ನಿವೃತ್ತಿಯಾಗಿ ಎಷ್ಟೋ ವರ್ಷವಾಯಿತು. ಪಿಂಚಣಿ, ಗುಳಿಗೆ, ಸಂಜೆಯ ತಿರುಗಾಟ ಎಲ್ಲವೂ ಸುಸೂತ್ರ. ಆದರೆ ಯಾರಾದರೂ ಬಾಗಿಲು ತಟ್ಟಿ "ಬಾಯಾರ" ಎಂದರೆ ಇಂದಿಗೂ ನನ್ನ ಬಾಯಿಗೆ ಮೊದಲು ಬರುವುದು "ಹೌದ್ರಿ." ಏನು ಕೇಳಲು ಬಂದಿದ್ದಾರೆ ಎಂದು ತಿಳಿಯುವ ಮೊದಲೇ.