ಬೀಗ ಹಾಕಿದ ಬಿಳಿ ಕಕ್ಕಸು

ಆ ಅಂಗಿ ಕಾರ್ಖಾನೆಯಲ್ಲಿ ಒಂಟೆಯಕ್ಕನ ನಿಜವಾದ ಹೆಸರು ಹಾಜರಿ ಕೂಗುವವನಿಗೂ ಮರೆತುಹೋಗಿತ್ತು. ಬೆಳಿಗ್ಗೆ ಹೊಲಿಗೆ ಮೆಷಿನ್ ಮುಂದೆ ಕೂತಳೆಂದರೆ ಸಂಜೆ ಗಂಟೆ ಹೊಡೆಯುವವರೆಗೆ ಒಂದು ಗುಟುಕು ನೀರು ಕುಡಿಯುವವಳಲ್ಲ, ಎದ್ದು ಹೊರಗೆ ಹೋಗುವವಳಲ್ಲ. ಅದಕ್ಕೇ ಆ ಹೆಸರು. ಅವಳಿಗೆ ಅದರಲ್ಲಿ ಬೇಜಾರಿರಲಿಲ್ಲ, ಒಳಗೊಳಗೇ ಹೆಮ್ಮೆ. ಸೂಪರ್‌ವೈಸರ್ ಹೊಸದಾಗಿ ಸೇರಿದವರನ್ನು ಅವಳ ಪಕ್ಕ ನಿಲ್ಲಿಸಿ, "ನೋಡಿ ಕಲೀರಿ, ಇವರು ಕೂತರೆ ಕೂತರು" ಅನ್ನುತ್ತಿದ್ದ.

ಅವಳು ಒಂಟೆಯಾದದ್ದು ಯಾಕೆಂದು ತಿಳಿಯಬೇಕಾದರೆ ಹಿಂದುಗಡೆಯ ಕಕ್ಕಸನ್ನು ನೋಡಬೇಕು. ಬೇಡ ಬಿಡಿ, ಕೇಳಿಸಿಕೊಂಡರೆ ಸಾಕು. ಅಷ್ಟೂ ಹೆಂಗಸರಿಗೆ ಅದೊಂದೇ. ಬಾಗಿಲಿಗೆ ಚಿಲಕವಿಲ್ಲ, ಬಟ್ಟೆಚೂರಿನ ಹಗ್ಗ ಕಟ್ಟಿ ಒಳಗಿನಿಂದ ಎಳೆದು ಹಿಡಿದಿರಬೇಕು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಉಟ್ಟ ಬಟ್ಟೆ, ಮೂಗು ಹಿಡಿಯಲು ಮೂರನೇ ಕೈ ಮನೆಯಿಂದಲೇ ತರಬೇಕು. ಗುಂಡಿ ಕಟ್ಟಿಕೊಂಡು ಹಳದಿ ನೀರು ಹೊಸ್ತಿಲ ತನಕ ನಿಂತಿರುತ್ತಿತ್ತು. ಕಾಲಿಡಲು ನಡುವೆ ಇಟ್ಟಿಗೆಗಳು, ಇಟ್ಟಿಗೆ ಮೇಲೆ ಮಿಜಿಮಿಜಿ ಬಿಳಿ ಹುಳು. ನಲ್ಲಿ ತಿರುಗಿಸಿದರೆ ಗೊರಗೊರ ಸದ್ದು ಬಂದು ತುಕ್ಕಿನ ಹನಿಯೊಂದು ಉದುರುತ್ತಿತ್ತು. ಡ್ರಮ್ಮಿನಲ್ಲಿದ್ದ ನೀರಿನ ಮೇಲೆ ಕೆನೆಗಟ್ಟಿದ ಜಿಡ್ಡು. ಅಲ್ಲಿಗೆ ಹೋಗಿಬಂದವಳು ಊಟದ ಡಬ್ಬಿ ತೆರೆದರೆ ಅನ್ನಕ್ಕಿಂತ ಮೊದಲು ಆ ನಾತವೇ ಗಂಟಲಿಗಿಳಿಯುತ್ತಿತ್ತು.

ಆಫೀಸಿನ ಪಕ್ಕದಲ್ಲಿ ಇನ್ನೊಂದಿತ್ತು. ಬಿಳಿ ಟೈಲ್ಸಿನದು, ಬಾಗಿಲಿಗೆ ಸದಾ ಬೀಗ, ಕೀಲಿ ಸೂಪರ್‌ವೈಸರ್ ಜೇಬಿನಲ್ಲಿ. ಅಂಗಿ ಕೊಳ್ಳುವ ಕಂಪನಿಯವರು ನೋಡಲು ಬಂದ ದಿನ ಮಾತ್ರ ತೆರೆಯುತ್ತಿದ್ದರು. ಬಂದವರು ಇಣುಕಿ, ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಹೆಂಗಸರ ಪಾಲಿಗೆ ಅದು ಗಾಜಿನ ಹಿಂದಿನ ಮಿಠಾಯಿ.

ಹೀಗಿರುವಾಗ ಒಂಟೆಯಕ್ಕನ ಸೊಸೆಯೂ ಅದೇ ಸಾಲಿನಲ್ಲಿ ಕೆಲಸಕ್ಕೆ ಸೇರಿದಳು. ಅತ್ತೆ ಕಾಲರ್ ಹೊಲಿದು ಕೊಟ್ಟರೆ ಸೊಸೆ ಅದನ್ನು ಅಂಗಿಗೆ ಕೂಡಿಸಬೇಕು. ಕಾಲರ್ ಜೊತೆಗೆ ಅತ್ತೆ ತನ್ನ ವಿದ್ಯೆಯನ್ನೂ ದಾಟಿಸಿದಳು. "ಬೆಳಿಗ್ಗೆ ಟೀ ಅರ್ಧ ಲೋಟ ಸಾಕು. ಬಾಯಾರಿದ್ರೆ ಮುಕ್ಕಳಿಸಿ ಉಗಿ, ನುಂಗ್ಬೇಡ. ಮೊದಮೊದಲು ಕಷ್ಟ, ಆಮೇಲೆ ಮೈಗೆ ಅಭ್ಯಾಸ ಆಗುತ್ತೆ."

ಮೈಗೆ ಅಭ್ಯಾಸವಾಗಲಿಲ್ಲ. ಉರಿಮೂತ್ರ ಬಂತು, ವಾಸಿಯಾಯಿತು, ಮತ್ತೆ ಬಂತು. ಕೊನೆಗೊಂದು ದಿನ ಹುಡುಗಿ ಚಳಿಜ್ವರದಲ್ಲಿ ನಡುಗುತ್ತಾ ಬೆನ್ನು ಹಿಡಿದುಕೊಂಡು ಬಿದ್ದುಕೊಂಡಳು. ಆಸ್ಪತ್ರೆಯ ನರ್ಸಮ್ಮ ಪರೀಕ್ಷೆಯ ಚೀಟಿ ನೋಡಿ ಕೇಳಿದಳು:

"ನೀರು ಕುಡಿಯೋದಿಲ್ವಾ?"

ಸೊಸೆ ಪಕ್ಕದಲ್ಲಿ ನಿಂತಿದ್ದ ಅತ್ತೆಯ ಕಡೆ ನೋಡಿದಳು.

"ತಡ್ಕೊಂಡು ತಡ್ಕೊಂಡು ಸೋಂಕು ಕಿಡ್ನಿಗೆ ಹತ್ತಿದೆ. ಹೀಗೇ ಮಾಡಿದ್ರೆ ಕಿಡ್ನಿ ಕೈಕೊಡುತ್ತೆ. ಯಾರಮ್ಮ ನಿನಗೆ ಈ ಬುದ್ಧಿ ಹೇಳಿಕೊಟ್ಟೋರು?"

ಸೊಸೆ ಗೋಡೆ ನೋಡಿದಳು.

"ನಾನೇ" ಅಂದಳು ಒಂಟೆಯಕ್ಕ.

ಜ್ವರ ಇಳಿದು ಸೊಸೆ ಕೆಲಸಕ್ಕೆ ಮರಳಿದ ದಿನ ಒಂಟೆಯಕ್ಕ ಸೀದಾ ಸೂಪರ್‌ವೈಸರ್ ಹತ್ತಿರ ಹೋಗಿ ಕೈ ಚಾಚಿದಳು. "ಬಿಳಿ ಕಕ್ಕಸಿನ ಕೀಲಿ ಕೊಡಿ."

"ಅದು ಬಂದೋರಿಗೆ ಇರೋದು. ಎಲ್ಲರನ್ನೂ ಬಿಟ್ಟು ನೀವೇ ಹೀಗಂದ್ರೆ ಹೇಗೆ ಒಂಟೆಯಕ್ಕ?"

"ನನ್ನ ಸೊಸೆ ಮನುಷ್ಯಳು ಸ್ವಾಮಿ, ಒಂಟೆಯಲ್ಲ."

"ಹಿಂದುಗಡೆ ಇದೆಯಲ್ಲ?"

"ನಿಮ್ಮ ಹೆಂಡತಿಯನ್ನ ಒಂದು ಸಲ ಕಳಿಸಿ ನೋಡಿ."

ಅವನು ಮುಖ ತಿರುಗಿಸಿದ. ಒಂಟೆಯಕ್ಕ ತನ್ನ ಜಾಗಕ್ಕೆ ಬಂದು, ಚೀಲದಿಂದ ಬಾಟಲಿ ತೆಗೆದು, ಎಲ್ಲರ ಕಣ್ಣೆದುರು ಗಟಗಟ ಖಾಲಿ ಮಾಡಿದಳು. ಸಾಲಿನ ಮೆಷಿನ್‌ಗಳು ತಾವಾಗಿ ನಿಧಾನವಾದವು. ತೋಳು ಹೊಲಿಯುವವಳು ತನ್ನ ಬಾಟಲಿ ಎತ್ತಿದಳು. ಗುಂಡಿ ಹಾಕುವವಳು, ಕತ್ತರಿಸುವವಳು, ಎಲ್ಲರೂ ಕುಡಿದರು. ಸ್ವಲ್ಪ ಹೊತ್ತಿಗೆ ಒಂಟೆಯಕ್ಕ ಎದ್ದು ನಿಂತಳು, ಕಾಲರ್ ಬರುವುದು ನಿಂತಿತು. ಕಾಲರ್ ಬಾರದೆ ತೋಳು ನಿಂತಿತು, ತೋಳು ನಿಂತು ಗುಂಡಿ ನಿಂತಿತು. ಇಡೀ ಸಾಲು ಎದ್ದು ಬಂದು ಬಿಳಿ ಬಾಗಿಲ ಮುಂದೆ ನಿಂತಿತು.

"ಏನ್ರೀ ಇದು, ಜಾತ್ರೇನಾ?" ಅಂದ ಸೂಪರ್‌ವೈಸರ್.

"ಬೇಗ ತೆಗೀರಿ, ಇಲ್ಲದಿದ್ರೆ ತೇರೂ ಇಲ್ಲೇ ಹೊರಡುತ್ತೆ" ಅಂದಳು ಗುಂಡಿ ಹಾಕುವವಳು.

ಅವನು ಗೊಣಗುತ್ತಾ ಬೀಗ ತೆಗೆದ. ಒಳಗೆ ಎಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಕಮೋಡಿನ ಮೇಲೆ ಅಂಗಡಿಯ ಸ್ಟಿಕರ್ ಇನ್ನೂ ಅಂಟಿಕೊಂಡಿತ್ತು, ಒಳಗೆ ಜೇಡ ಬಲೆ ಕಟ್ಟಿತ್ತು. ಒಂಟೆಯಕ್ಕ ಫ್ಲಶ್ ಒತ್ತಿದಳು. ಟಕ್ ಅಂತು, ಅಷ್ಟೇ. ನಲ್ಲಿ ತಿರುಗಿಸಿದಳು, ಗಾಳಿಯೂ ಬರಲಿಲ್ಲ. ಹಿಂದಕ್ಕೆ ಹೋಗಿ ನೋಡಿದರೆ ಪೈಪು ಗೋಡೆಯಿಂದ ಒಂದು ಮೊಳ ಹೊರಗೆ ಬಂದು ಅಲ್ಲೇ ಬಾಯಿ ತೆರೆದು ನಿಂತಿತ್ತು. ಯಾವ ಗುಂಡಿಗೂ ಸೇರಿರಲಿಲ್ಲ. ಅದರ ಮೇಲೆ ಕಾರ್ಖಾನೆ ಯಜಮಾನರ ಕೋಣೆಯ ಕಿಟಕಿ.

"ಇದು ಕಕ್ಕಸಲ್ಲ ಕಣ್ರೇ, ಕಕ್ಕಸಿನ ಫೋಟೋ" ಅಂದಳು ತೋಳು ಹೊಲಿಯುವವಳು, ಥೂ ಅಂತ ಉಗಿದು.

ಒಂಟೆಯಕ್ಕನಿಗೆ ಹಿಂದುಗಡೆಯ ಹುಳು ನೋಡಿದಾಗಲೂ ಇಷ್ಟು ಹೇಸಿಗೆ ಆಗಿರಲಿಲ್ಲ. ಆ ಹೊಲಸು ಹೊಲಸಾಗಿಯೇ ಇತ್ತು. ಇದು ಸೆಂಟು ಹಾಕಿಕೊಂಡಿತ್ತು.

"ಅತ್ತೆ, ನನ್ನ ಕೈಲಿ ಆಗ್ತಿಲ್ಲ" ಅಂದಳು ಸೊಸೆ, ತುಟಿ ಕಚ್ಚಿ.

"ಹೋಗು ಮಗಳೇ, ಒಳಗೆ ಹೋಗು."

"ನೀರು?"

"ಇಸ್ತ್ರಿ ಮನೆಯಿಂದ ಹೊತ್ತು ತರ್ತೀನಿ. ನೀನು ನಡಿ."

ಸೊಸೆಯ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಹೋದರು. ಬಕೆಟ್ಟಿನ ಮೇಲೆ ಬಕೆಟ್ಟು ನೀರು ಹೋಯಿತು. ಸೂಪರ್‌ವೈಸರ್ "ನಿಲ್ಲಿಸ್ರೀ" ಅಂದ. ನಿಲ್ಲುವ ವಿಷಯವೇ ಅದು? ಬಿಸಿಲೇರುವ ಹೊತ್ತಿಗೆ ಕಿಟಕಿಯ ಕೆಳಗೆ ಕೆರೆಯಾಗಿ, ನೊಣ ನೆರೆದು, ಗಾಳಿ ಒಳಕ್ಕೆ ತಿರುಗಿತು. ಯಜಮಾನರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಓಡಿಬಂದರು.

"ಏನಿದು ಅಸಹ್ಯ? ಕೂರೋಕಾಗ್ತಿಲ್ಲ, ಉಸಿರಾಡೋಕಾಗ್ತಿಲ್ಲ!"

"ಹೌದು ಸ್ವಾಮಿ" ಅಂದಳು ಒಂಟೆಯಕ್ಕ, "ಊಟವೂ ಸೇರಲ್ಲ."

ಸೊಸೆಯ ಕಿಡ್ನಿಗಾಗಿ ಬಾರದ ಪ್ಲಂಬರ್ ಯಜಮಾನರ ಮೂಗಿಗಾಗಿ ಅದೇ ಮಧ್ಯಾಹ್ನ ಬಂದ. ಪೈಪು ಗುಂಡಿಗೆ ಸೇರುವವರೆಗೆ, ಹಿಂದುಗಡೆಯದೂ ಸರಿಯಾಗುವವರೆಗೆ ಮೆಷಿನ್ ಮುಟ್ಟುವುದಿಲ್ಲವೆಂದು ಹೆಂಗಸರು ಮೆಟ್ಟಿಲ ಮೇಲೆ ಕೂತರು. ಸಂಜೆ ಬಿಳಿಯದರಲ್ಲಿ ನೀರು ಸುರಿದು ಹೋಗುವುದನ್ನು ಸೊಸೆ ಕಣ್ಣಾರೆ ನೋಡಿ ಬಂದಳು. ಆಮೇಲೆ ಪ್ಲಂಬರ್ ಹಿಂದುಗಡೆಯ ಬಾಗಿಲು ಎಳೆದ. ಎಳೆದವನೇ ಹೊರಗೋಡಿ ಗೋಡೆ ಹಿಡಿದು ವಾಂತಿ ಮಾಡಿಕೊಂಡ.

"ಇದಕ್ಕೆ ಮನುಷ್ಯರು ಹೋಗ್ತಿದ್ರಾ?" ಅಂದ, ಬಾಯಿ ಒರೆಸಿಕೊಳ್ಳುತ್ತಾ.

"ಹೋಗ್ತಿದ್ರು" ಅಂದಳು ಒಂಟೆಯಕ್ಕ, ಎದ್ದು ಬಿಳಿ ಬಾಗಿಲ ಕಡೆ ಹೊರಡುತ್ತಾ. "ನೀನು ಸುಧಾರಿಸ್ಕೊಂಡು ಕೆಲಸ ಹಿಡಿಯಪ್ಪ. ನನಗೀಗ ಅರ್ಜೆಂಟು."