ವೀರಭದ್ರಪ್ಪನವರು ಹೊಡೆಯದ ಗೋಲು

ಕಾಚಿಗುಡದಲ್ಲಿ ವೀರಭದ್ರಪ್ಪನವರ ಮನೆಗೆ ಇಪ್ಪತ್ತೆರಡು ಮೆಟ್ಟಿಲು. ಒಂದು ಕಾಲದಲ್ಲಿ ಫತೇ ಮೈದಾನದ ಈ ತುದಿಯಿಂದ ಆ ತುದಿಗೆ ದಣಿವಿಲ್ಲದೆ ಓಡಿದ ಮನುಷ್ಯ ಆ ಮೆಟ್ಟಿಲುಗಳನ್ನು ಕೂತುಕೊಂಡು ಇಳಿಯುವುದನ್ನು ನಾನು ಎಂಬತ್ತೆಂಟನೆಯ ಇಸವಿಯಲ್ಲಿ ನೋಡಿದೆ. ಒಂದು ಮೆಟ್ಟಿಲು, ಒಂದು ನಿಟ್ಟುಸಿರು, ಮತ್ತೊಂದು ಮೆಟ್ಟಿಲು. ಕೆಳಗೆ ನಾನು ಅವರ ಚಪ್ಪಲಿ ಹಿಡಿದು ನಿಂತಿರುತ್ತಿದ್ದೆ. ಅಭಿಮಾನಿ ಅನ್ನಿಸಿಕೊಂಡವನಿಗೆ ಏನಾದರೂ ಒಂದು ಕೆಲಸ ಬೇಕಲ್ಲ.

ರಾಯಚೂರು ಕಡೆಯಿಂದ ಬಂದ ಅವರ ತಂದೆ ಇಲ್ಲಿನ ಒಂದು ಛಾಪಖಾನೆ ಸೇರಿದ್ದರು. ಮಗನೂ ಅಲ್ಲಿಯೇ ಅಚ್ಚಿನ ಮೊಳೆ ಜೋಡಿಸಲು ನಿಂತರು. ಹಗಲೆಲ್ಲ ಊರ ಮಂದಿಯ ಹೆಸರುಗಳನ್ನು ಲಗ್ನಪತ್ರಿಕೆಯಲ್ಲಿ ಕೂಡಿಸಿ, ಸಂಜೆಯಾಗುತ್ತಲೇ ಮಸಿಗೈಯಲ್ಲೇ ಮೈದಾನಕ್ಕೆ ಓಡುತ್ತಿದ್ದರು. ಫುಟ್‌ಬಾಲ್ ಆಟದಲ್ಲಿ ಅವರದು ನಡುಮೈದಾನ. ಹಿಂದಿನವರಿಂದ ಚೆಂಡು ಇಸಿದುಕೊಂಡು ಮುಂದಿನವರಿಗೆ ಮುಟ್ಟಿಸುವ ಕೆಲಸ. ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊರುತ್ತಾರೆ. ಮುಟ್ಟಿಸಿದವನು ಹೊರುವವರಲ್ಲಿ ಒಬ್ಬ. ಪಂದ್ಯ ಮುಗಿದ ಮೇಲೆ ಗೋಲಿನ ಬಲೆ ಬಿಚ್ಚಿ ಮಡಚುವವರೂ ವೀರಭದ್ರಪ್ಪನವರೇ.

ಅವರಿಗೆ ಖಾಯಂ ಪ್ರೇಕ್ಷಕರು ನಾವು ಮೂವರು. ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ಅಮರೇಶಪ್ಪ, ಸರಕಾರಿ ಗುಮಾಸ್ತ ದತ್ತಾತ್ರೇಯ, ಮತ್ತು ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ನಗೆಬರಹ ಬರೆದು ಸಂಪಾದಕರ ಕಣ್ಣಲ್ಲಿ ನೀರು ತರಿಸುತ್ತಿದ್ದ ನಾನು. ಭಾನುವಾರಗಳಂದು ವೀರಭದ್ರಪ್ಪನವರ ಮನೆಯಲ್ಲಿ ಸೇರಿ ಹಳೆಯ ಪಂದ್ಯಗಳನ್ನು ಮತ್ತೆ ಆಡುತ್ತಿದ್ದೆವು.

“ಬಲಗಡೆಯಂವ ಬರಲಿಲ್ಲಂದ್ರ ಬಲಗಡೆ, ಎಡಗಡೆಯಂವ ಬರಲಿಲ್ಲಂದ್ರ ಎಡಗಡೆ,” ಎಂದು ಅಮರೇಶಪ್ಪ ಶುರು ಮಾಡುತ್ತಿದ್ದ. “ಒಂದ ಸಲ ರೆಫ್ರಿ ಬರಲಿಲ್ಲ. ಸೀಟಿನೂ ಇವರ ಊದಿದ್ರು. ತಮ್ಮ ಮ್ಯಾಲೆ ತಾವ ಫೌಲ್ ಕೊಟ್ಕೊಂಡ್ರು ನೋಡ್ರಿ.”

“ತಪ್ಪು ನಂದ ಇತ್ತಲ್ಲೋ ಮಾರಾಯ,” ಎನ್ನುತ್ತಿದ್ದರು ವೀರಭದ್ರಪ್ಪನವರು.

ಅವರ ಹೆಂಡತಿ ಗುರುಬಾಯಿ ಒಳಗಿನಿಂದ, “ಊರ ಮಂದಿಗೆಲ್ಲ ಚೆಂಡು ಮುಟ್ಟಿಸ್ಯಾರ. ಮನಿಗೆ ಕೊತ್ತಂಬರಿ ಮುಟ್ಟಸ್ರಿ ಅಂದ್ರ ಕಾಲು ನೋವು,” ಎಂದು ಚಹಾ ತಂದಿಡುತ್ತಿದ್ದರು.

ನಮ್ಮ ನೆನಪಿನ ಶಿಖರವೆಂದರೆ ಅರವತ್ತರ ದಶಕದ ಒಂದು ಪಂದ್ಯ. ಮೈಸೂರು ರಾಜ್ಯದ ತಂಡ ಬಂದಿತ್ತು. ನಮ್ಮ ರಾಜ್ಯ ತಂಡದ ಒಬ್ಬನಿಗೆ ಕಾಮಾಲೆಯಾಗಿ, ಬೆಳಿಗ್ಗೆ ಛಾಪಖಾನೆಗೇ ಜನ ಬಂದು ವೀರಭದ್ರಪ್ಪನವರನ್ನು ಕರೆದೊಯ್ದರು. ಅವರು ಆಂಧ್ರ ಪ್ರದೇಶದ ಅಂಗಿ ತೊಟ್ಟದ್ದು ಅದೊಂದೇ ಸಲ. ಕನ್ನಡದವರಾದ ನಾವು ಮೂವರು ಅಂದು ಕನ್ನಡದವರ ವಿರುದ್ಧ ಗಂಟಲು ಹರಿದುಕೊಂಡೆವು.

ಆ ಪಂದ್ಯದ ಕಥೆಯನ್ನು ಹೇಳುವ ಹಕ್ಕು ನನ್ನದು. ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದೆ. ಕೊನೆಯಲ್ಲಿ ವೀರಭದ್ರಪ್ಪನವರು ಇಬ್ಬರನ್ನು ದಾಟಿ, ಎಡಗಾಲಿನಿಂದ ಚೆಂಡನ್ನು ಬಲೆಯ ಮೂಲೆಗೆ ಕಳಿಸುವಲ್ಲಿಗೆ ಬಂದಾಗ ಅಮರೇಶಪ್ಪ ತೊಡೆ ತಟ್ಟುತ್ತಿದ್ದ. ವೀರಭದ್ರಪ್ಪನವರು ತಲೆ ತಗ್ಗಿಸಿ ಬಟ್ಟಲಿನ ತಳ ನೋಡುತ್ತಿದ್ದರು. ನಾನು ಅದನ್ನು ವಿನಯ ಎಂದುಕೊಂಡಿದ್ದೆ.

ಎಂಬತ್ತೆಂಟರಲ್ಲಿ ಒಂದು ಸುದ್ದಿ ಬಂತು. ರಾಜ್ಯ ತಂಡಕ್ಕೆ ಒಮ್ಮೆಯಾದರೂ ಆಡಿದ ಹಳೆಯ ಆಟಗಾರರಿಗೆ ಸರಕಾರ ಪುಕ್ಕಟೆ ಆಪರೇಷನ್ ಮಾಡಿಸುತ್ತದಂತೆ. ವೀರಭದ್ರಪ್ಪನವರ ಎಡಮೊಣಕಾಲು ಅಷ್ಟರಲ್ಲಿ ಬಾಗುವುದನ್ನು ಬಿಟ್ಟಿತ್ತು. ಇನ್ನು ತಡಮಾಡಿದರೆ ಕೋಲೂ ಸಾಲದು ಎಂದು ಡಾಕ್ಟರು ಹೇಳಿದ್ದರು. ಆದರೆ ಆ ಪಂದ್ಯದ ಆಟಗಾರರ ಪಟ್ಟಿಯಿದ್ದ ದಪ್ತರವನ್ನು ಗೆದ್ದಲು ತಿಂದಿತ್ತು. ದಾಖಲೆ ಇಲ್ಲದವರು ಪಂದ್ಯ ಕಣ್ಣಾರೆ ಕಂಡ ಮೂವರ ಹೇಳಿಕೆ ತರಬೇಕು, ಮೂವರೂ ಬೇರೆಬೇರೆಯಾಗಿ ಬರೆದು ಲಕೋಟೆ ಅಂಟಿಸಿರಬೇಕು ಎಂದು ನಿಯಮ.

“ಮೂರು ಮಂದಿ ಅಂದ್ರ ನಾವ ಅದೀವಲ್ರಿ,” ಎಂದ ದತ್ತಾತ್ರೇಯ. “ದೇವರು ಲೆಕ್ಕ ಹಾಕೇ ಹುಟ್ಟಿಸ್ಯಾನ.”

“ಬರೆಯೂ ಕೆಲಸ ಐತಂದ್ರ ಇವರಿಗೆ ಹೇಳಬೇಕೇನು,” ಎಂದು ಗುರುಬಾಯಿ ಮೊದಲ ಸಲ ನನ್ನ ಬರವಣಿಗೆಯನ್ನು ಹೊಗಳಿದರು. ಉಬ್ಬಿಹೋದೆ. ಮನೆಗೆ ಹೋಗಿ ನಾಲ್ಕು ಪುಟ ಬರೆದೆ.

ಅರ್ಜಿ ಕೊಡುವ ಕೊನೆಯ ದಿನ ನಾಲ್ವರೂ ಆಟೋದಲ್ಲಿ ನಾಂಪಲ್ಲಿಯ ಸರಕಾರಿ ಕಚೇರಿಗೆ ಹೋದೆವು. ವೀರಭದ್ರಪ್ಪನವರ ಕಾಲು ಹೊರಗೆ ಚಾಚಿಕೊಂಡಿತ್ತು. ಅದನ್ನು ಕಾಯುವ ಹೊಣೆ ದತ್ತಾತ್ರೇಯನದು. ನಮ್ಮ ಸರದಿ ಬಂದಾಗ ನಾಲ್ಕು ಗಂಟೆ. ಅಧಿಕಾರಿ ಒಳ್ಳೆಯವರು. ವೀರಭದ್ರಪ್ಪನವರಿಗೆ ತಮ್ಮ ಕುರ್ಚಿಯನ್ನೇ ಕೊಟ್ಟು, ನಿಂತುಕೊಂಡು ಲಕೋಟೆ ಒಡೆದರು. ಮಾತೆಲ್ಲ ತೆಲುಗಿನಲ್ಲಿ.

“ಒಬ್ಬರು ಇವರು ನಡುಮೈದಾನದಲ್ಲಿದ್ದರು ಅಂತ ಬರೆದಿದ್ದಾರೆ. ಇನ್ನೊಬ್ಬರು ಗೋಲ್‌ಕೀಪರ್ ಅಂತ ಬರೆದಿದ್ದಾರೆ. ಯಾವುದು ನಿಜ?”

ಅಮರೇಶಪ್ಪ, ದತ್ತಾತ್ರೇಯ ಮುಖ ಮುಖ ನೋಡಿಕೊಂಡರು.

“ಎರಡೂ ನಿಜ, ಸಾರ್,” ಎಂದರು ವೀರಭದ್ರಪ್ಪನವರು. “ಕೊನೆಗೆ ಕೀಪರಿನ ಬೆರಳು ಮುರಿಯಿತು. ಆಗೆಲ್ಲ ಬದಲಿಯವರನ್ನು ಇಳಿಸುತ್ತಿರಲಿಲ್ಲ. ಇದ್ದವರೇ ನಿಲ್ಲಬೇಕು. ಕಡೆಯ ಇಪ್ಪತ್ತು ನಿಮಿಷ ನಾನು ನಿಂತೆ.”

ಅಧಿಕಾರಿಯ ಮುಖ ಅರಳಿತು. ಅವರೂ ಹುಡುಗರಾಗಿದ್ದಾಗ ಆಟ ನೋಡಿದವರಂತೆ. ಅರ್ಜಿಯ ಮೇಲೆ ಪೆನ್ನು ಇಟ್ಟೇಬಿಟ್ಟಿದ್ದರು. ನನ್ನ ಲಕೋಟೆಯೊಂದು ಉಳಿದಿತ್ತು. ಎರಡು ಪುಟ ನಗುತ್ತಲೇ ಓದಿದರು. ನನಗೆ ಹೆಮ್ಮೆಯಾಯಿತು. ಮೂರನೆಯ ಪುಟದಲ್ಲಿ ನಗು ನಿಂತಿತು.

“ಇವರು ಗೋಲು ಹೊಡೆದರು ಅಂತ ಬರೆದಿದ್ದೀರಿ.”

“ಹೌದು ಸಾರ್. ಎಡಗಾಲಿನಿಂದ.”

ಅವರು ಫೈಲಿನಿಂದ ಹಳದಿಗಟ್ಟಿದ ಪತ್ರಿಕೆಯ ತುಣುಕೊಂದನ್ನು ತೆಗೆದರು. ಆ ಪಂದ್ಯದ್ದೇ ಎರಡು ಸಾಲಿನ ವರದಿ. ಆಟಗಾರರ ಹೆಸರಿಲ್ಲ. ಇದ್ದದ್ದು ಇಷ್ಟೇ: ಪಂದ್ಯದಲ್ಲಿ ಎರಡೂ ಕಡೆ ಗೋಲು ಬೀಳಲಿಲ್ಲ.

ನಾನು ಸುಳ್ಳು ಬರೆದಿರಲಿಲ್ಲ ಎಂದರೆ ನೀವು ನಂಬಬೇಕು. ಆ ಚೆಂಡು ಬಲೆಯನ್ನು ಉಬ್ಬಿಸಿದ್ದು ನನಗೆ ಈಗಲೂ ಕಾಣುತ್ತದೆ. ಕಥೆಗೆ ಒಂದು ಕೊನೆ ಬೇಕೆಂದು ಯಾವುದೋ ಭಾನುವಾರ ಅದನ್ನು ಸೇರಿಸಿರಬೇಕು. ಬಚ್ಚಿಟ್ಟವನು ಜಾಗ ಮರೆತಂತೆ, ಸೇರಿಸಿದ್ದನ್ನು ನಾನೇ ಮರೆತಿದ್ದೆ.

“ಸಾರ್, ನನ್ನದನ್ನು ಹರಿದುಹಾಕಿ,” ಎಂದೆ. “ನಾನು ನಗೆಬರಹಗಾರ. ನನ್ನ ಮಾತನ್ನು ನಮ್ಮ ಮನೆಯಲ್ಲೂ ಯಾರೂ ನಂಬುವುದಿಲ್ಲ.”

“ಹರಿದರೆ ಎರಡೇ ಉಳಿಯುತ್ತವೆ. ಮೂರು ಬೇಕು. ಇಟ್ಟುಕೊಂಡರೆ, ಒಂದು ಸುಳ್ಳಾದ ಮೇಲೆ ಉಳಿದವನ್ನು ನಾನು ಹೇಗೆ ನಂಬಲಿ?” ಎಂದರು ಅವರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. “ಐದು ಗಂಟೆಗೆ ಪಟ್ಟಿ ಮೇಲಕ್ಕೆ ಹೋಗುತ್ತದೆ. ಅಷ್ಟರೊಳಗೆ ಇನ್ನೊಬ್ಬರನ್ನು ಕರೆತಂದರೆ ಬರೆದುಕೊಳ್ಳುತ್ತೇನೆ.”

ಅಂದು ಮೈದಾನದಲ್ಲಿ ಸಾವಿರಾರು ಜನರಿದ್ದರು. ಇಂದು ಒಬ್ಬ ಸಾಕಿತ್ತು. ಅಮರೇಶಪ್ಪ ರಸ್ತೆಗೆ ಓಡಿ ನರೆಗೂದಲಿನ ಪ್ರತಿಯೊಬ್ಬರನ್ನೂ, “ಸಾಬ್, ಆಪ್ ಫುಟ್‌ಬಾಲ್ ದೇಖತೇ ಥೇ?” ಎಂದು ಕೇಳತೊಡಗಿದ. ಇರಾನಿ ಹೋಟೆಲಿನಲ್ಲಿ ಒಬ್ಬರು, “ಹೌ, ದೇಖತಾ ಥಾ,” ಎಂದರಂತೆ. ಅವರು ನೋಡಿದ್ದು ಬೇರೆ ಪಂದ್ಯಗಳನ್ನು. ನಮ್ಮ ಪಂದ್ಯದ ದಿನ ಅವರದೇ ನಿಕಾಹ್ ಇತ್ತಂತೆ. ಹಾಗೆ ನಿಜ ಹೇಳುವವರೂ ಊರಿನಲ್ಲಿ ಇದ್ದಾರೆ ಎಂದು ನನಗೆ ಇನ್ನಷ್ಟು ನಾಚಿಕೆಯಾಯಿತು. ಐದು ಹೊಡೆಯಿತು. ಅಧಿಕಾರಿ ವೀರಭದ್ರಪ್ಪನವರ ಹೆಸರಿಲ್ಲದ ಪಟ್ಟಿಗೆ ರುಜು ಹಾಕಿ, ಅವರ ಕೈ ಕುಲುಕಿ, ತಾವೇ ಬಾಗಿಲವರೆಗೆ ನಡೆಸಿಕೊಂಡು ಬಂದರು.

ಅಮರೇಶಪ್ಪ, ದತ್ತಾತ್ರೇಯ ದಾರಿಯಲ್ಲೇ ಇಳಿದುಕೊಂಡರು. ಕಾಚಿಗುಡದಲ್ಲಿ ನಾನು ಅವರನ್ನು ಮೆಟ್ಟಿಲ ಬುಡದಲ್ಲಿ ಕೂಡಿಸಿದೆ. ಹತ್ತುವುದೂ ಕೂತುಕೊಂಡೇ, ಬೆನ್ನನ್ನು ಮೇಲಿನ ಮೆಟ್ಟಿಲ ಕಡೆ ಮಾಡಿ, ಒಂದೊಂದೇ ಮೆಟ್ಟಿಲು.

“ಅಣ್ಣಾ, ನೀವರ ಒಂದ ಮಾತು ಹೇಳಬಾರದಿತ್ತೇನ್ರಿ? ಗೋಲು ಹೊಡದಿಲ್ಲೋ ಅಂತ?”

“ಹೇಳಬೇಕಂತ ಪ್ರತಿ ಭಾನುವಾರ ಅನಕೋತಿದ್ದೆ,” ಎಂದರು. ನಾಲ್ಕನೆಯ ಮೆಟ್ಟಿಲಿಗೆ ಏರಿ, ಹಿಡಿದ ಉಸಿರನ್ನು ಬಿಟ್ಟರು. “ನೀನು ಭಾಳ ಚಂದ ಹೇಳತಿದ್ದಿ. ನಾ ಜನ್ಮದಾಗ ಒಂದೂ ಗೋಲು ಹೊಡದಿಲ್ಲ ನೋಡು. ಕೇಳಕೋತ ಕುಂತಬಿಟ್ಟೆ.”

ನಾನು ಅವರ ಚಪ್ಪಲಿಯ ಧೂಳು ಕೊಡವಿದೆ.

“ಆತೇನ್ರಿ ಕೆಲಸ?” ಎಂದು ಮೇಲಿನಿಂದ ಗುರುಬಾಯಿ ಕೂಗಿದರು. “ಯಾವತ್ತ ಆಪರೇಷನ್?”

ವೀರಭದ್ರಪ್ಪನವರು ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮೇಲಿನ ಮೆಟ್ಟಿಲಿಗೆ ಇಟ್ಟುಕೊಂಡು ನನ್ನತ್ತ ನೋಡಿದರು.

“ಎಡಗಾಲಿಂದಂತ ಬರದಿದ್ದಿಯಲ್ಲ?”

“ಹೌದಣ್ಣಾ.”

“ಇದರಿಂದನ?” ಎಂದು ಮೊಣಕಾಲನ್ನು ನೀವಿಕೊಂಡರು. ಆಮೇಲೆ ಐದನೆಯ ಮೆಟ್ಟಿಲಿಗೆ ಕೈಯೂರಿದರು. ಇನ್ನೂ ಹದಿನೆಂಟು ಉಳಿದಿದ್ದವು. ನಾನು ಚಪ್ಪಲಿ ಹಿಡಿದುಕೊಂಡು ಕೆಳಗೆ ನಿಂತೇ ಇದ್ದೆ.